ಗಂಟು ಹಾಕದ ದಾರ

ನಮ್ಮ ಮ್ಯೂಸಿಯಂನಲ್ಲಿ ಹಳೆಯ ಕಸೂತಿ ಬಟ್ಟೆಗಳನ್ನು ರಿಪೇರಿ ಮಾಡುವ ಹೆಂಗಸಿಗೆ ನಾವಿಟ್ಟ ಹೆಸರು ‘ಹಿಂಬದಿಯಮ್ಮ’. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಮಗುಚಿ ಅದರ ಬೆನ್ನು ನೋಡಬೇಕು ಅವರಿಗೆ, ಹೊಸ ಶರ್ಟು ತೊಟ್ಟು ಹೋದ ನನ್ನ ಕಾಲರನ್ನೂ ಮಗುಚಿ, “ಮೆಷಿನ್ ಹೊಲಿಗೆ. ಪಾಪ, ಇದಕ್ಕೆ ಹೇಳ್ಕೊಳ್ಳೋಕೆ ಏನೂ ಇಲ್ಲ” ಅಂದಿದ್ದರು. ಏಳುನೂರು ವರ್ಷ ಹಳೆಯ ಯುದ್ಧದ ಕಸೂತಿಯ ಮೇಲೆ ಮೂಗು ತಾಗುವಷ್ಟು ಬಗ್ಗಿ ಕೂತರೆಂದರೆ ಊಟದ ನೆನಪೂ ಇರುವುದಿಲ್ಲ. “ಮುಂದೆ ಕಾಣೋದು ರಾಜ ಹೊಲಿಸಿದ್ದು ಕಣಪ್ಪ, ಹಿಂದೆ ಇರೋದು ಹೊಲಿದವಳ ಮಾತು” ಎಂಬುದು ಅವರ ಮಂತ್ರ. ಅವರ ಪ್ರಕಾರ ಸತ್ತ ಸೈನಿಕನ ದಾರಕ್ಕೆ ಹಿಂದೆ ಗಂಟು ಬಿದ್ದಿರುತ್ತದೆ. ಸುದ್ದಿಯೇ ಬಾರದವನ ದಾರ ಗಂಟಿಲ್ಲದೆ ಜೋತಾಡುತ್ತದೆ. ಪ್ರದರ್ಶನದಲ್ಲಿ ಅಂಚಿನಿಂದ ಇಣುಕುತ್ತವೆ, ಆ ದಾರಗಳನ್ನು ಕತ್ತರಿಸಿ ಎಂದ ಮ್ಯೂಸಿಯಂನ ಸಾಹೇಬರಿಗೆ, “ಮನೆಯವರು ಇನ್ನೂ ಕಾಯ್ತಿದ್ದಾರೆ ಸಾರ್, ಕತ್ತರಿಸೋಕೆ ನಾನ್ಯಾರು? ನೀವೇ ಮಾಡಿ” ಎಂದು ಕತ್ತರಿ ಚಾಚಿದರು, ಸಾಹೇಬರು ಅದನ್ನು ಮೇಜಿನ ಮೇಲಿಟ್ಟು ಹೊರನಡೆದರು. ಹಿಂಬದಿಯಮ್ಮ ಹುಷಾರಿಲ್ಲದೆ ರಜೆ ಹಾಕಿದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಅವರೇ ಹೊಲಿದ ಕಸೂತಿಯೊಂದಿತ್ತು: ರೈಲು, ಅದರ ಕಿಟಕಿಯಲ್ಲಿ ಸಮವಸ್ತ್ರ ತೊಟ್ಟು ಕೈಬೀಸುವ ಸೈನಿಕ. “ನನ್ನ ತಮ್ಮ. ಹೋಗಿ ಮೂವತ್ತು ವರ್ಷ ಆಯ್ತು” ಅಂದರು. ಅವರಿಂದಲೇ ಅಂಟಿದ ಚಾಳಿ, ಅಂಚು ಹಿಡಿದು ಮೆಲ್ಲಗೆ ಮಗುಚಿದೆ. ಸೈನಿಕನ ಹಿಂದೆ ಜೋತಾಡುತ್ತಿದ್ದ ಗಂಟಿಲ್ಲದ ದಾರದ ಬಣ್ಣ ಮಾಸಿತ್ತು. ಅದರ ತುದಿಯಲ್ಲಿ ನೇತಾಡುತ್ತಿದ್ದ ಸೂಜಿಗೆ ಮಾತ್ರ ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ.