ಬೋಲ್ಟ್ ಟ್ರೇಯಲ್ಲಿ ಗುಂಡುಕಲ್ಲು

ನೀವೇ ಹೇಳ್ರಪ್ಪ, ನಾನು ಯಾರ ಮೇಲೆ ಕೂಗಾಡಲಿ? ಬೋಲ್ಟ್ ಮುಗಿದು ನಮ್ಮ ಹಿರಿಯೂರಿನ ಪಂಪ್ ಫ್ಯಾಕ್ಟರೀಲಿ ಇವತ್ತು ಕೆಲಸವೇ ನಿಂತುಹೋಯ್ತು. ಬೋಲ್ಟ್ ಟ್ರೇ ಕೆಳಗೆ ಹೊಸದಾಗಿ ತೂಕದ ಯಂತ್ರ ಕೂರಿಸಿದ್ದೀವಿ. ತೂಕ ಇಳಿದರೆ ಅದು ಮೊದಲು ಕೂಗುತ್ತೆ, ಇನ್ನೂ ಇಳಿದರೆ ತಾನೇ ಆರ್ಡರ್ ಕಳಿಸುತ್ತೆ. ಕಂಪ್ಯೂಟರ್ ನೋಡಿದರೆ ಟ್ರೇ ಭರ್ತಿ ಅಂತಿದೆ. ಹೋಗಿ ನೋಡಿದರೆ ಟ್ರೇಯಲ್ಲಿ ಒಂದು ಗುಂಡುಕಲ್ಲು!

"ಏನ್ರಿ ರುದ್ರಣ್ಣ ಇದು?" ಅಂದೆ.

ಸ್ಟೋರ್ ನೋಡಿಕೊಳ್ಳೋ ರುದ್ರಣ್ಣ ತಣ್ಣಗೆ ಅಂದರು: "ಮೊನ್ನೆಯಿಂದ ಒಂದೇ ಸಮ ಬಡ್ಕಂತಿತ್ತು ಸಾರ್. ಕಲ್ಲು ಇಟ್ಟೆ. ಈಗ ನೋಡ್ರಿ, ಎಷ್ಟು ಸುಮ್ಕೈತೆ!"

ಅಷ್ಟರಲ್ಲಿ ಹೆಡ್ ಆಫೀಸಿನ ಫೋನು: "ಸ್ಟಾಕ್ ಖಾಲಿಯಾಗದ ಯೂನಿಟ್ ನಿಮ್ಮದೊಂದೇ ಕಣ್ರಿ. ಶಭಾಷ್! ಸನ್ಮಾನ ಮಾಡ್ತೀವಿ."

ಹಾರ ಬಂದರೆ ನಾನು ಹಾಕಿಕೊಳ್ಳಲಾ, ಕಲ್ಲಿಗೆ ಹಾಕಲಾ?