ಮಾಲ್ಪುರಿ ಹಿಡಿದ ಕೈ

ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಅರ್ಧ ಆಯುಷ್ಯ ಸುತ್ತಿಗೆ ಬೀಸಿದ ಭಾಗಣ್ಣ ಮೊದಲ ಸಲ ಹೊಟ್ಟೆ ಹಿಡಿದು ನೆಲಕ್ಕುರುಳಿದಾಗ, ಅವನ ಹೆಂಡತಿ ಮಾಣಿಕಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಕಂಡಳು. ಗಂಡನ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದಿಟ್ಟಿದ್ದರು. ಕೆಂಪು ಕೆಳಗಿಳಿದು ನಿಂತ ಮೇಲೆ ಅದರ ಮೇಲುಗಡೆ ತೇಲಿದ್ದು ತಿಳಿನೀರಲ್ಲ, ಹಾಲಿನಂಥ ಬಿಳುಪು.

"ಇದು ಟ್ರೈಗ್ಲಿಸರೈಡ್, ರಕ್ತದಾಗ ಸೇರಿದ ಕೊಬ್ಬು," ಎಂದರು ಡಾಕ್ಟರು. "ಇಷ್ಟು ಏರಿದ್ರ ಹೊಟ್ಟಿ ಹಿಂದಿನ ಗ್ರಂಥಿ ಬಾಯ್ತದ, ಜೀವಕ್ಕ ಕುತ್ತು. ಕೆಲವು ಮನೆತನದಾಗ ಹರಿದೂ ಬರ್ತದ. ಮಗಳ ರಕ್ತಾನೂ ತೋರಿಸ್ರಿ."

ಮಾಣಿಕಮ್ಮನ ಕಿವಿಗೆ ಬಿದ್ದದ್ದು ಕೊಬ್ಬು ಎಂಬ ಒಂದೇ ಮಾತು. ಕಾಗಿಣಾ ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದ ಹೆಂಗಸು, ಹಿಡಿದ ಹಟ ಬಿಡುವವಳಲ್ಲ. ಮನೆಗೆ ಬಂದವಳೇ ಎಣ್ಣೆಯ ಡಬ್ಬಿ ಅಟ್ಟಕ್ಕೇರಿಸಿದಳು, ಮೊಟ್ಟೆ ನಿಲ್ಲಿಸಿದಳು, ಹೊಳೆದಂಡೆಯ ಸಂಸಾರದಲ್ಲಿ ಮೀನಿಗೇ ಬಾಗಿಲು ಮುಚ್ಚಿದಳು. ಆದರೆ ಸೊರಗಿದ ಗಂಡನಿಗೆ ಶಕ್ತಿ ಬೇಡವೇ? ಮೂರು ಹೊತ್ತೂ ಮೆತ್ತನೆಯ ಅನ್ನ, ಸಕ್ಕರೆ ಹಾಕಿದ ಹಾಲು, ಮೋಸಂಬಿ ರಸ, ನಡುನಡುವೆ ಗಟ್ಟಿ ಸಿಹಿ ಚಹಾ. ಭಾಗಣ್ಣ ಅಳಿಯನ ಹಾಗೆ ಕೂತು ಉಣ್ಣುತ್ತಿದ್ದ.

ಮುಂದಿನ ತಪಾಸಣೆಗೆ ಹೋದರೆ ಕೊಬ್ಬು ಇಳಿಯುವುದಿರಲಿ, ಮೊದಲಿಗಿಂತ ಏರಿ ಕೂತಿತ್ತು. ಡಾಕ್ಟರು ಊಟದ ವಿಚಾರವನ್ನೆಲ್ಲ ಒಂದೊಂದಾಗಿ ಕೇಳಿದರು.

"ಎಣ್ಣಿ ಕಮ್ಮಿ ಮಾಡಿದ್ದು ಖರೆ ಅದ, ಯವ್ವಾ. ಆದ್ರ ಅನ್ನ, ಸಕ್ಕರಿ ಹೆಚ್ಚಾದ್ರ ಮೈ ಅದನ್ನೇ ಕೊಬ್ಬು ಮಾಡಿ ರಕ್ತಕ್ಕ ಬಿಡ್ತದ. ಶೇಂದಿ ಕುಡದ್ರಂತೂ ಮುಗೀತು."

ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಮಾಣಿಕಮ್ಮ, ಗಂಡನನ್ನು ತನ್ನ ಕೈಯಾರೆ, ಅದೂ ಚಮಚದಲ್ಲಿ, ಸಾವಿನ ಕಡೆ ತಳ್ಳಿದೆನಲ್ಲ ಎಂದು ಒಳಗೊಳಗೇ ಬೆಂದುಹೋದಳು.

ಆಮೇಲೆ ಅಡುಗೆಮನೆಯ ಕಾಯಿದೆಯೇ ಬದಲಾಯಿತು. ಜೋಳದ ರೊಟ್ಟಿ, ಅದೂ ಎಣಿಸಿ ಎರಡು. ಪುಂಡಿಪಲ್ಯ, ತೊಗರಿಬೇಳೆ, ಹುಣಸೆಹುಳಿಯಲ್ಲಿ ಬೇಯಿಸಿದ ಹೊಳೆಮೀನು. ಅನ್ನ ವಾರಕ್ಕೊಮ್ಮೆ ಹಿಡಿಯಷ್ಟು. ಸಕ್ಕರೆಯ ಡಬ್ಬಿ ನೆರೆಮನೆ ಸೇರಿತು. ಹೊತ್ತಿಗೆ ಸರಿಯಾಗಿ ಗುಳಿಗೆ, ಸಂಜೆ ರೈಲ್ವೆ ಗೇಟಿನವರೆಗೆ ನಡಿಗೆ.

"ಈ ಚಾ ಕುಡದ್ರ ಸತ್ತೋರೂ ಎದ್ದು ಬೈತಾರ, ಮಾಣಿಕಿ," ಎಂದು ಭಾಗಣ್ಣ ಮುಖ ಹಿಂಡುತ್ತಿದ್ದ.

"ಬೈಲಿಕ್ಕಾದ್ರೂ ಏಳ್ತಾರಲ್ಲ, ಕುಡೀರಿ," ಎನ್ನುತ್ತಿದ್ದಳು ಅವಳು.

ಯುಗಾದಿಯ ಹೊತ್ತಿಗೆ ನಳಿಕೆಯ ಬಿಳುಪು ಹೋಗಿ ಮೇಲುಗಡೆ ತಿಳಿಯಾಗಿತ್ತು. ಕೊಬ್ಬು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಡಾಕ್ಟರು ನಕ್ಕಿದ್ದರು. ಮಾಣಿಕಮ್ಮ ಅಷ್ಟಕ್ಕೇ ಗೆದ್ದಷ್ಟು ಹಿಗ್ಗಿದಳು.

ಆಗಲೇ ಮಗಳು ಅಂಬಿಕಾಳಿಗೆ ಸಂಬಂಧ ಕೂಡಿಬಂತು. ಅವಳು ವಾಡಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಹುಡುಗನಿಗೆ ಅದೇ ವಾಡಿಯಲ್ಲಿ ರೈಲ್ವೆ ನೌಕರಿ, ಅವನ ತಂದೆ ಅಯ್ಯಪ್ಪ ಸೇಡಮ್ಮಿನಲ್ಲಿ ಹೊಲಮನೆ ಇದ್ದ ಮನುಷ್ಯ. ಇಂಥದು ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಮಾಣಿಕಮ್ಮ ಹೆದರಿದಳು.

"ರೋಗದ ಮಾತು ಎತ್ತಬ್ಯಾಡ್ರಿ," ಎಂದು ಗಂಡನಿಗೆ ತಾಕೀತು ಮಾಡಿದಳು. "ಮನೆತನದಾಗ ಅದ ಅಂದ್ರ ಹುಡುಗಿ ಮ್ಯಾಲ ಬರ್ತದ. ಬೀಗರು ಕೊಟ್ಟಿದ್ದು ಗಪ್ಪನ ತಿನ್ರಿ."

ಡಾಕ್ಟರು ಎರಡು ಸಲ ಹೇಳಿದ್ದರೂ ಅಂಬಿಕಾಳ ರಕ್ತ ತೋರಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಟ್ಟರೆ ಸುಳ್ಳು ಹೇಗಾದೀತು ಎಂಬುದು ಮಾಣಿಕಮ್ಮನ ಜಾಣತನ.

ಬೀಗರ ಕಡೆಯ ಮನೆಗಳಿಗೆಲ್ಲ ಹೋಗಿಬರುವುದು ಶುರುವಾಯಿತು. ಸೇಡಮ್ಮಿನಲ್ಲಿ ತುಪ್ಪ ಸುರಿದ ಹೋಳಿಗೆ, ಸುಲೇಪೇಟದಲ್ಲಿ ಹುಗ್ಗಿ, ಹೋದಲ್ಲೆಲ್ಲ ಬಟ್ಟಲು ತುಂಬ ಸಿಹಿ ಚಹಾ. ಕುಂಚಾವರಂನಲ್ಲಿ ಹುಡುಗನ ಸೋದರಮಾವ ಶೇಂದಿ ತರಿಸಿದ. ಭಾಗಣ್ಣ ಹೆಂಡತಿಯ ಕಡೆ ನೋಡಿದ. ಅವಳು ಮುಖ ಆಚೆ ತಿರುಗಿಸಿದಳು. ಅವನು ಕುಡಿದ.

ಸಕ್ಕರೆಪುಡದ ದಿನ, ಅಂದರೆ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವ ದಿನ, ಮಾಣಿಕಮ್ಮ ನಸುಕಿನಲ್ಲೆದ್ದಾಗ ಗಂಡ ಮಂಚದ ಅಂಚಿಗೆ ಕೂತು ಪಕ್ಕೆಲುಬಿನ ಕೆಳಗೆ ಮುಷ್ಟಿ ಒತ್ತಿಕೊಂಡಿದ್ದ.

"ಏನಾಗ್ಲಿಕತ್ತದ್ರಿ?"

"ಗ್ಯಾಸ್ ಇರ್ಬೇಕು. ನಡಿ, ಮಂದಿ ಬರೋ ಹೊತ್ತಾತು."

ಗ್ಯಾಸ್ ಅಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬೀಗರು ಬಂದರು. ಕುಂಕುಮವಾಯಿತು, ಸೀರೆ ಕೊಟ್ಟದ್ದಾಯಿತು. ಇನ್ನು ಉಳಿದದ್ದು ಬೀಗರು ಒಬ್ಬರಿಗೊಬ್ಬರು ಬಾಯಿ ಸಿಹಿ ಮಾಡುವುದು. ಅಯ್ಯಪ್ಪ ತಾನು ತಂದ ತಾಟಿನಿಂದ ಒಂದು ಮಾಲ್ಪುರಿ ಎತ್ತಿದ. ತುಪ್ಪ, ಪಾಕ ಎರಡೂ ಅವನ ಬೆರಳಿನಿಂದ ಇಳಿಯುತ್ತಿದ್ದವು.

"ಬಾಯಿ ತೆಗೀರಿ, ಬೀಗ್ರೆ. ಪೂರ್ತಿ ತಿನ್ಬೇಕು."

ಭಾಗಣ್ಣನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆದರೂ ಅವನು ಬಾಯಿ ತೆರೆದ. ಹೆಂಡತಿಗೆ ಕೊಟ್ಟ ಮಾತು ಮುರಿಯದ ಆ ಪೆದ್ದು ಮುಖ ಕಂಡಾಗ ಮಾಣಿಕಮ್ಮನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಂದಿಯನ್ನು ದಾಟಿ ಬಂದು ಅವಳು ಅಯ್ಯಪ್ಪನ ಮುಂಗೈ ಹಿಡಿದಳು.

"ಬ್ಯಾಡ್ರಿ, ಬೀಗ್ರೆ. ಇವ್ರಿಗಿದು ವಿಷ."

ಹಿಡಿದ ಕೈ ಬಿಡದೆಯೇ ಅವಳು ಹಾಲಿನಂಥ ರಕ್ತದಿಂದ ಹಿಡಿದು ಕುಂಚಾವರಂನ ಶೇಂದಿಯವರೆಗೆ ಎಲ್ಲ ಹೇಳಿದಳು. "ಮುಚ್ಚಿಡ್ರಿ ಅಂದಾಕಿ ನಾನು. ಇವ್ರ ತಪ್ಪಿಲ್ಲ."

ಅಯ್ಯಪ್ಪ ಕೇಳಿದ್ದು ಅವಳು ಹೆದರಿದ್ದ ಮಾತನ್ನೇ.

"ಹುಡುಗಿಗೂ ಅದ ಏನು?"

"ಗೊತ್ತಿಲ್ರಿ. ತೋರಿಸಿಲ್ಲ," ಎಂದಳು ಮಾಣಿಕಮ್ಮ.

ಅಷ್ಟರಲ್ಲಿ ಭಾಗಣ್ಣ ಮುದುಡಿ ಗೋಡೆಗೆ ಒರಗಿದ. ಅಯ್ಯಪ್ಪ ಮಾಲ್ಪುರಿಯನ್ನು ತಾಟಿನಲ್ಲಿಟ್ಟು ಮಗನಿಗೆ ಗಾಡಿ ತೆಗೆಯಲು ಹೇಳಿದ. ಕಲಬುರಗಿ ತಲುಪುವವರೆಗೆ ಭಾಗಣ್ಣ ಒಂದೇ ಸಮನೆ ನರಳಿದ.

ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಭಾಗಣ್ಣನ ಬಾಯಿಗೆ ನೀರನ್ನೂ ಬಿಡದೆ ಸಲೈನ್ ಹಚ್ಚಿದರು. ಮರುದಿನ ಅಂಬಿಕಾ ಖಾಲಿ ಹೊಟ್ಟೆಯಲ್ಲಿ ತಾನೇ ಹೋಗಿ ರಕ್ತ ಕೊಟ್ಟಳು. ಮಾಣಿಕಮ್ಮ ಆ ನಳಿಕೆಯಿಂದ ಕಣ್ಣು ಕೀಳಲಿಲ್ಲ. ಮೇಲುಗಡೆ ತಿಳಿಯಾಗಿಯೇ ನಿಂತಿತು. ಆದರೆ ವರದಿ ಬಂದಾಗ ಕೊಬ್ಬು ಇರಬೇಕಾದ್ದಕ್ಕಿಂತ ತುಸು ಜಾಸ್ತಿಯೇ ಇತ್ತು. ಈಗಿನಿಂದಲೇ ಊಟ ಹಿಡಿತದಲ್ಲಿಟ್ಟರೆ ಇಳಿಯುತ್ತದೆ ಎಂದರು ಡಾಕ್ಟರು. ಅಂಬಿಕಾ ಅವ್ವನ ಎದುರಿಗೇ ಸೇಡಮ್ಮಿಗೆ ಫೋನು ಹಚ್ಚಿ, ಇದ್ದದ್ದು ಇದ್ದಂಗೆ ಹೇಳಿ ಇಟ್ಟಳು. ಆ ಕಡೆಯಿಂದ ಹೂಂ ಎಂಬುದೊಂದೇ ಉತ್ತರ.

ಆಮೇಲೆ ದಿನಗಳು ಕಳೆದರೂ ಸೇಡಮ್ಮಿನ ಸುದ್ದಿಯಿಲ್ಲ. ಸಂಬಂಧ ಮುರಿಯಿತೆಂದೇ ಮಾಣಿಕಮ್ಮ ತಿಳಿದಳು. ಅಳು ಬರಲಿಲ್ಲ. ಗಂಡ ಉಸಿರಾಡುವುದನ್ನು ನೋಡುತ್ತ ಕೂತಳು.

ಭಾಗಣ್ಣ ಇನ್ನು ಗಂಜಿ ಬಿಟ್ಟು ರೊಟ್ಟಿ ತಿನ್ನಬಹುದೆಂದು ಡಾಕ್ಟರು ಹೇಳಿದ ದಿನ ಮಧ್ಯಾಹ್ನ ಅಯ್ಯಪ್ಪ ಒಬ್ಬನೇ ಬಂದ. ಮಂಚದ ಪಕ್ಕ ಕೂತು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿದ. ಒಳಗೆ ಜೋಳದ ರೊಟ್ಟಿ, ಸಣ್ಣ ಡಬ್ಬಿಯಲ್ಲಿ ಪುಂಡಿಪಲ್ಯ.

"ಮುಚ್ಚಿಟ್ಟಿದ್ದಕ್ಕ ನನಗ ಸಿಟ್ಟದ ತಂಗಿ, ಲಗೂನ ಹೋಗಂಗಿಲ್ಲ ಅದು," ಎಂದ ಮಾಣಿಕಮ್ಮನಿಗೆ. "ಆದ್ರ ಅವತ್ತು ನೀ ನನ್ನ ಕೈ ಹಿಡೀದೇ ಹೋಗಿದ್ರ ನಾ ಬೀಗರನ್ನ ಕೊಂದ ಪಾಪಕ್ಕ ಹೋಗ್ತಿದ್ದೆ."

ರೊಟ್ಟಿಯ ಚೂರು ಮುರಿದು, ಪಲ್ಯ ಹಚ್ಚಿ ಭಾಗಣ್ಣನ ಬಾಯಿಯ ಹತ್ತಿರ ಹಿಡಿದ.

"ಬಾಯಿ ತೆಗೀರಿ, ಬೀಗ್ರೆ. ಅವತ್ತಿಂದು ಬಾಕಿ ಉಳದದ."

ಭಾಗಣ್ಣ ಬಾಯಿ ತೆರೆಯುವ ಮೊದಲು ಹೆಂಡತಿಯ ಕಡೆ ನೋಡಿದ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ತಿನ್ರಿ," ಎಂದಳು.