ಲಂಕಾದ ಕರಾರು, ನಮ್ಮ ರಾಮವ್ವನ ಮದುವೆ

ನಮ್ಮಣ್ಣ ಮಾಳಸಿದ್ದನ ಮಗಳು ರಾಮವ್ವ. ಅವಳನ್ನು ಜುಗೂಳದ ಜಕ್ಕಪ್ಪನಿಗೆ ಕೊಡುವುದೆಂದು ಮಾತಾದದ್ದು ಎಂಬತ್ತೇಳರಲ್ಲಿ. ಅದೇ ಮಳೆಗಾಲಕ್ಕೆ ಭಾರತಕ್ಕೂ ಲಂಕಾಕ್ಕೂ ಕರಾರಾಯಿತು. ಜಕ್ಕಪ್ಪ ಮಿಲಿಟರಿಯವ. ಅಲ್ಲಿ ಬಡಿದಾಡುವವರ ನಡುವೆ ನಿಂತು ಶಾಂತಿ ಕಾಯಲಿಕ್ಕೆ ಅವನನ್ನೂ ಹಡಗು ಹತ್ತಿಸಿದರು. ದೀಪಾವಳಿಗೆ ಬರ್ತೀನಿ ಅಂದು ಹೋದ. ಬಂದದ್ದು ಸುದ್ದಿ ಮಾತ್ರ. ಕಾಯಲು ಹೋದವರ ಮೇಲೆಯೇ ಅಲ್ಲಿಯ ಹುಲಿಗಳೆಂಬ ಬಂಡುಕೋರರು ಬಂದೂಕು ತಿರುಗಿಸಿದರಂತೆ. ನನಗೆ ಮೈಯೆಲ್ಲ ಉರಿಯಿತು. ರಾಮವ್ವ ಮಾತ್ರ ಕಂಕುಳಲ್ಲಿ ರೇಡಿಯೋ ಇಟ್ಟುಕೊಂಡೇ ಕುರಿ ಕಾಯ್ದಳು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಓಡಿ ಬಂದಳು.

"ಅಪ್ಪಾ, ಅಲ್ಲಿ ಹೊಸ ಅಧ್ಯಕ್ಷ ಬಂದಾನಲ್ಲ, ನಮ್ಮ ಸೈನ್ಯಕ್ಕ ಹೋಗ್ರಿ ಅಂದಾನ!"

ನಾವು ಕುರಿಯ ಮಂದಿ. ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ. ಹೊಲದವ ಏಳ್ರಿ ಅಂದರೆ ಬೆಳಗಾಗುವುದರೊಳಗೆ ಜಾಗ ಖಾಲಿ. ದೇಶಗಳೂ ಹಾಗೇ ಎಂದು ಅಣ್ಣ ತಿಳಿದ. ಶ್ರಾವಣದಲ್ಲೇ ಹಂದರ ಹಾಕಿಸಿದ, ಬೀಗರನ್ನು ಕರೆದ, ಹುಗ್ಗಿ ಮಾಡಿಸಿದ. ದಿಲ್ಲಿಯವರು, ಕೊಲಂಬೊದವರು ಇನ್ನೂ ಚೌಕಾಶಿ ನಡೆಸಿದ್ದರು. ವರನೇ ಇಲ್ಲ!

ಮಂದಿ ನಗಲು ಹತ್ತಿದರು. ಅಣ್ಣನ ಮುಖ ಕೆಂಪಾಯಿತು.

"ನಮ್ಮ ಧೂಳಪ್ಪ ಅದಾನ. ಇನ್ನೂರು ಕುರಿ ಅದಾವು ಅವನ ಹತ್ರ. ಇವತ್ತ ತಾಳಿ ಕಟ್ಟಸ್ತೀನಿ."

"ಧೂಳಪ್ಪಣ್ಣನ ಕುರಿ ಚಲೋ ಅದಾವಪ್ಪ. ಆದ್ರ ಕುರಿ ಜೋಡಿ ಸಂಸಾರ ಮಾಡಾಕ ಆಗಂಗಿಲ್ಲ," ಅಂದಳು ರಾಮವ್ವ. ಹುಗ್ಗಿಯ ಬಕೀಟು ತಾನೇ ಎತ್ತಿಕೊಂಡು ಪಂಕ್ತಿಗೆ ಇಳಿದಳು. "ಉಣ್ರಿ, ಉಣ್ರಿ. ಅವ ಬಂದ ಮ್ಯಾಲೆ ಮತ್ತ ಉಣ್ಣೀರಂತ."

ಪಂಕ್ತಿಯಲ್ಲೇ ಕೂತಿದ್ದ ಧೂಳಪ್ಪನೇ ಮೊದಲು ನಕ್ಕ. ಎರಡು ಸಲ ನೀಡಿಸಿಕೊಂಡ.

ಮರುವರ್ಷ ಯುಗಾದಿ ಹೊತ್ತಿಗೆ ನಮ್ಮವರ ಕಡೆಯ ಹಡಗು ಲಂಕಾ ಬಿಟ್ಟಿತು. ಅಣ್ಣ ಈ ಸಲ ರೇಡಿಯೋಕ್ಕೆ ಕಿವಿಗೊಡಲಿಲ್ಲ. ಮಂಗಸೂಳಿಯಲ್ಲಿ ಮುರಗೆಪ್ಪನವರ ಹೊಲದೊಳಗೆ ನಮ್ಮ ಕುರಿ ಇದ್ದಾಗ, ಟ್ರಂಕು ಹೊತ್ತು ಬಂದೇಬಿಟ್ಟ ಜಕ್ಕಪ್ಪ.

"ಎಲ್ಲಿ ಹಾಳಾಗಿ ಹೋಗಿದ್ದಿಲೇ?" ಒದರಿದೆ ನಾನು.

"ಏನ್ ಹೇಳ್ಲಿರಿ ಕಾಕಾ. ಕರದಾವ್ರೇ ಹೋಗ್ರಿ ಅಂದ್ರು. ಕೊಲಂಬೊದವ್ರು, ಹುಲಿಗೋಳು ತಮ್ಮೊಳಗ ಬಡದಾಡಾವ್ರು, ನಮ್ಮನ್ನ ಕಳಸಾಕ ಒಂದಾದ್ರು!"

"ಅವ್ರು ಒಂದಾಗ್ಲಿ ಬಿಡು," ಅಂದಳು ರಾಮವ್ವ. "ನಮ್ಮಿಬ್ರದು ಯಾವಾಗ, ಅದನ್ನ ಹೇಳು."

ಅಣ್ಣ ಮುಹೂರ್ತ ಕೇಳಿ ಬರುತ್ತೇನೆಂದು ಎದ್ದ. ನಾನು ಬೈದು ಕೂರಿಸಿದೆ. ಮರುದಿನವೇ ಮಲ್ಲಯ್ಯನ ಗುಡಿಯಲ್ಲಿ ಅಕ್ಕಿಕಾಳು ಬಿದ್ದವು. ದೇವರ ಭಂಡಾರವೆಂದು ಅರಿಷಿಣದ ಪುಡಿ ತೂರಿದ್ದೇ ತೂರಿದ್ದು. ಮಿಲಿಟರಿಯ ಹಸಿರು ಬಟ್ಟೆಯೆಲ್ಲ ಹಳದಿಯಾಗಿ, ಜಕ್ಕಪ್ಪ ಯಾವ ದೇಶದ ಸಿಪಾಯಿ ಎಂದು ಯಾರಿಗೂ ತಿಳಿಯದ ಹಾಗಾಯಿತು.